ಅಂಕಣದಲ್ಲಿ ನಿಂತು ಉಂಡವಳು

ಆ ಬೆಳಿಗ್ಗೆಯೂ ಕತ್ತಲಿರುವಾಗಲೇ ಎದ್ದು, ಕರಿಮೆಣಸಿನ ಚೀಲಗಳ ಸಂದಿಯಲ್ಲಿ ಕಾಲಿಂದಲೇ ಚಪ್ಪಲಿ ಹುಡುಕಿದೆ. ಪ್ರವಾಸಿಗರ ಕಾಲ ಬಂತೆಂದರೆ ನಮ್ಮ ಮನೆಯ ಮುಂದಿನ ಕೋಣೆಗಳೆಲ್ಲ ಅತಿಥಿಗಳಿಗೆ. ನಾವು ಹಿಂದಿನ ದಾಸ್ತಾನು ಕೋಣೆಗೆ ಹೋಗುತ್ತೇವೆ. ಅಲ್ಲಿ ಮಲಗಿದರೆ ಹೊದಿಕೆ, ಸ್ವೆಟರು, ತಲೆಗೂದಲು ಎಲ್ಲದಕ್ಕೂ ಮೆಣಸಿನ ಘಾಟು ಹತ್ತುತ್ತದೆ. ಒಮ್ಮೆ ಅತಿಥಿಯೊಬ್ಬಳು ನನ್ನ ಹತ್ತಿರ ಬಗ್ಗಿ, ಇದು ಯಾವ ಸೆಂಟು ಆಂಟಿ ಎಂದು ಕೇಳಿದ್ದಳು. ನಾನು ನಕ್ಕುಬಿಟ್ಟಿದ್ದೆ.

ಹಂಡೆಗೆ ಬೆಂಕಿ ಹಾಕಿ, ರೊಟ್ಟಿಗೆಂದು ಬೇಯಿಸಿದ ಅನ್ನವನ್ನು ಅಕ್ಕಿಹಿಟ್ಟಿನೊಂದಿಗೆ ನಾದತೊಡಗಿದೆ. ಬೆಟ್ಟ ಹತ್ತುವವರು ಬೇಗ ಹೊರಡುತ್ತಾರೆ. ಅವರಿಗೆ ಬೆಲ್ಲದ ಕರಿಕಾಫಿ ಫ್ಲಾಸ್ಕಿನಲ್ಲಿ, ರೊಟ್ಟಿ ಕಟ್ಟಿಕೊಂಡು ಹೋಗಲು ಬೇರೆ. ಕಕ್ಕಬೆ ದಾಟಿದ ಮೇಲಿನ ನಮ್ಮ ರಸ್ತೆಯಲ್ಲಿ ಪತ್ರಿಕೆ ಮನೆ ಬಾಗಿಲಿಗೆ ಬರುವುದಿಲ್ಲ. ಮೊದಲ ಬಸ್ಸಿನವನು ಕೆಳಗಿನ ಅಂಗಡಿಯಲ್ಲಿ ಕಟ್ಟು ಎಸೆದು ಹೋಗುತ್ತಾನೆ. ನಮ್ಮೆಜಮಾನರು ಸ್ಕೂಟರಿನಲ್ಲಿ ಹೋಗಿ ಹಾಲಿನ ಜೊತೆ ಅದನ್ನೂ ತಂದು ಅಡಿಗೆಮನೆಯ ಕಟ್ಟೆಯ ಮೇಲೆ ಇಡುತ್ತಾರೆ. ಅತ್ತೆಗೆ ಕಣ್ಣು ಮಂಜು. ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತಿರುತ್ತಾರೆ, ನಾನು ಓದಬೇಕು. ಮೊದಲು ನಿಧನ ವಾರ್ತೆ. ಯಾವ ಊರು, ಯಾವ ಮನೆತನ, ಎಷ್ಟು ವಯಸ್ಸು. ಗೊತ್ತಿರುವವರಾದರೆ ಅವರ ಮದುವೆಯಲ್ಲಿ ಏನು ಅಡಿಗೆ ಮಾಡಿದ್ದರು ಎಂಬುದರಿಂದ ಮಾತು ಶುರುಮಾಡುತ್ತಾರೆ. ಅದಾದ ಮೇಲೆ ಉಳಿದದ್ದನ್ನು ಯಾವುದಾದರೂ ಓದು ಅನ್ನುತ್ತಾರೆ.

ಅಂದು ಗೊತ್ತಿರುವವರು ಯಾರೂ ಇರಲಿಲ್ಲ. ಹಾಳೆ ತಿರುಗಿಸಿದರೆ ಒಳಪುಟದಲ್ಲಿ ಅಂಕಣ. ಬರೆದವರ ಹೆಸರು ಆ ಅಂಕಣಕ್ಕೆ ಎಂದೂ ಇರುವುದಿಲ್ಲ, ಅಂಕಣದ್ದೊಂದು ಹೆಸರು ಇರುತ್ತದೆ ಅಷ್ಟೆ. ತಲೆಬರಹ ‘ಮನೆಯೆಂಬ ಹೋಟೆಲು’. ನಮ್ಮ ವ್ಯವಹಾರದ್ದೇ ಎಂದು ಜೋರಾಗಿ ಓದಿದೆ. ಹೋಂಸ್ಟೇ ಎಂದರೆ ಮನೆಯಲ್ಲಿ ಉಳಿಯುವುದು ಎಂದು ನಂಬಿ ಪಟ್ಟಣದಿಂದ ಬರುತ್ತೇವೆ, ಆದರೆ ಆ ಮನೆಯವರು ಎಲ್ಲಿ ಉಳಿಯುತ್ತಾರೆ ಎಂದು ಕೇಳುವುದಿಲ್ಲ ಎಂದು ಶುರುವಾಗಿತ್ತು. ಆಮೇಲೆ ಒಂದು ಮನೆಯ ವರ್ಣನೆ. ಊರಿನ ಹೆಸರಿಲ್ಲ, ಮನೆಯ ಹೆಸರಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಕಾರುಗಳು ನಿಂತಿವೆ, ಕಾಫಿ ಹಣ್ಣು ಟಾರ್ಪಾಲಿನ ಮೇಲೆ ನೆರಳಿಗೆ ಸರಿದಿದೆ. ಮನೆಯವರು ಚೀಲಗಳ ನಡುವೆ ಮಲಗುತ್ತಾರೆ. ಮನೆಯೊಡತಿ ಅಡಿಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಣ್ಣುತ್ತಾಳೆ, ಯಾಕೆಂದರೆ ಅಲ್ಲಿಂದ ಊಟದ ಮೇಜು ಕಾಣಿಸುತ್ತದೆ...

ನನ್ನ ದನಿ ನಿಂತಿತು. ನನ್ನ ತಟ್ಟೆ ಆಗ ಆ ಕಿಟಕಿಯ ಕಟ್ಟೆಯ ಮೇಲೇ ಇತ್ತು, ಅರ್ಧ ರೊಟ್ಟಿಯ ಜೊತೆ.

“ಯಾಕೆ ನಿಂತದ್ದು? ಎಂಥ ಬರ್ದುಂಟು?” ಎಂದರು ಅತ್ತೆ.

“ಅಕ್ಷರ ಸಣ್ಣ ಉಂಟು ಅತ್ತೆ.”

“ನಿಧನ ಓದುವಾಗ ಸಣ್ಣ ಇರ್ಲಿಲ್ಲ.”

ಉಳಿದದ್ದನ್ನೂ ಓದಿದೆ. ಓದಿ ಮುಗಿಸಿದ ಮೇಲೆ ಅತ್ತೆ ಕೇಳಿದ್ದು ಒಂದೇ. ಇಷ್ಟೆಲ್ಲ ನೋಡಿ ಹೋದವನು ಊಟ ರುಚಿಯಾಗಿತ್ತು ಅಂತ ಎಲ್ಲಾದರೂ ಬರೆದಿದ್ದಾನಾ? ಇಲ್ಲ ಎಂದೆ. “ಹಾಗಾರೆ ಅದು ಬಿಡು,” ಎಂದು ಅವರು ಒಲೆಯ ಕಡೆ ತಿರುಗಿದರು.

ನನಗೆ ಬಿಡಲಾಗಲಿಲ್ಲ. ಕೆಲವು ವಾರಗಳ ಹಿಂದೆ ಗಂಡನೊಂದಿಗೆ ಬಂದಿದ್ದ ಒಬ್ಬಳು ಊಟದ ನಡುವೆ ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದಿದ್ದಳು. ನೀವು ಊಟ ಮಾಡಲ್ವಾ ಎಂದು ಕೇಳಿದ್ದಳು. ಆಮೇಲೆ ಮಾಡ್ತೇನೆ ಎಂದಿದ್ದೆ. ಆಕೆ ಕಿಟಕಿಯನ್ನೂ ಅದರ ಮೇಲಿನ ತಟ್ಟೆಯನ್ನೂ ನೋಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ಬರೆದವಳು ಅವಳೇ ಎಂದುಕೊಂಡೆ.

ತಿಂಡಿ ಮುಗಿಯುವ ಮೊದಲೇ ಎಜಮಾನರ ಫೋನು ಶುರುವಾಯಿತು. ರಸ್ತೆಯ ಹೋಂಸ್ಟೇಯವರದ್ದೊಂದು ಸಂಘ ಇದೆ, ಅದಕ್ಕೊಂದು ವಾಟ್ಸಾಪ್ ಗುಂಪು. ಅವರು ಕಣದಲ್ಲಿ ಅತ್ತಿತ್ತ ನಡೆಯುತ್ತ ಹೂಂ, ಹೂಂ ಅನ್ನುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಒಳಗೆ ಬಂದವರು ಪತ್ರಿಕೆಯನ್ನು ಎತ್ತಿ, ಓದದೆ, ಮತ್ತೆ ಇಟ್ಟರು.

“ನಮ್ಮದೇ ಅಲ್ವಾ?”

“ಹೆಸರು ಹಾಕಿಲ್ಲ.”

“ಹೆಸರು ಯಾಕೆ ಬೇಕು. ಕಣ, ಚೀಲ, ಕಿಟಕಿ. ಇನ್ನು ನನ್ನ ಫೋಟೋ ಒಂದು ಹಾಕ್ಬೇಕಿತ್ತು.” ಪತ್ರಿಕೆಯನ್ನು ನನ್ನ ಕಡೆ ಸರಿಸಿ ಹೇಳಿದರು, “ಮಧ್ಯಾಹ್ನ ಅಣ್ಣ ಬರ್ತಾರೆ. ಉತ್ತರ ಬರೀಬೇಕಂತೆ. ನೀನು ಸರಿಯಾಗಿ ಓದಿಡು. ಅವನ ಉದ್ದೇಶ ಎಂತ, ಎಲ್ಲೆಲ್ಲಿ ಕುಟುಕಿದ್ದಾನೆ, ಎಲ್ಲ ಗುರುತು ಮಾಡಿಡು. ನಿಂಗೆ ಅದೆಲ್ಲ ಬರ್ತದಲ್ಲ.”

ಬರುತ್ತಿತ್ತು, ನಿಜ. ಮಡಿಕೇರಿಯ ಕಾನ್ವೆಂಟಿನಲ್ಲಿ ನಮಗೆ ಭಾಷೆ ಕಲಿಸಿದ ಸಿಸ್ಟರ್ ಒಬ್ಬರು ವಾರಕ್ಕೊಮ್ಮೆ ಪತ್ರಿಕೆಯ ಟೀಕೆಯ ಲೇಖನವೊಂದನ್ನು ಕತ್ತರಿಸಿ ತಂದು ಓದಿಸುತ್ತಿದ್ದರು. ಮೊದಲ ಸಲ ಕೈ ಮಡಿಲಲ್ಲಿಟ್ಟು ಓದಬೇಕು, ಪೆನ್ಸಿಲ್ ಮುಟ್ಟುವಂತಿಲ್ಲ. ಎರಡನೇ ಸಲ ಕಣ್ಣಿಗೆ ಕಾಣುವ ಸಂಗತಿಗಳ ಕೆಳಗೆ ನೇರ ಗೆರೆ, ಬರೆದವರಿಗೆ ಅನ್ನಿಸಿದ್ದರ ಕೆಳಗೆ ಅಂಕುಡೊಂಕು ಗೆರೆ. ದನಿ ಯಾವುದೆಂದು ತಿಳಿಯದಿದ್ದರೆ ಅದೇ ವಾಕ್ಯವನ್ನು ಸಿಟ್ಟಿನಲ್ಲಿ, ಗೇಲಿಯಲ್ಲಿ, ದುಃಖದಲ್ಲಿ ಗಟ್ಟಿಯಾಗಿ ಓದಿ ನೋಡಿ ಎನ್ನುತ್ತಿದ್ದರು. ಯಾವುದರಲ್ಲಿ ಗಂಟಲು ಸಿಕ್ಕಿಕೊಳ್ಳುವುದಿಲ್ಲವೋ ಅದೇ ದನಿ. ಕೊನೆಗೆ ಮಾರ್ಜಿನ್ನಿನಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆಯಬೇಕು. ಪತ್ರಿಕೆ ಮಡಚಿಟ್ಟ ಮೇಲೆ ಓದಿದವನು ಏನು ಮಾಡಬೇಕೆಂದು ಬರೆದವರ ಆಸೆ? ಹೇಳದೆ ಬಿಟ್ಟದ್ದೇನು? ನಾನು ಅದರಲ್ಲಿ ಚುರುಕಾಗಿದ್ದೆ. ಬೇರೆಯವರ ಮೇಲಿನ ಟೀಕೆಯನ್ನು ಓದುವುದು ಸುಲಭ ಎಂದು ಆಗ ಗೊತ್ತಿರಲಿಲ್ಲ.

ಬೆಟ್ಟ ಹತ್ತುವವರು ಹೊರಟ ಮೇಲೆ ಕಟ್ಟೆ ಒರೆಸಿ, ಪತ್ರಿಕೆ ಹರಡಿ, ಹಾಲಿನ ಲೆಕ್ಕ ಬರೆಯುವ ಪೆನ್ಸಿಲ್ ತೆಗೆದುಕೊಂಡೆ. ಕಣಕ್ಕೆ ನೇರ ಗೆರೆ. ಚೀಲಗಳಿಗೆ ನೇರ ಗೆರೆ. ಕಿಟಕಿ, ತಟ್ಟೆ, ಮೇಜಿನ ಕಡೆ ಓರೆನೋಟ, ಎಲ್ಲಕ್ಕೂ ನೇರ ಗೆರೆಯೇ. ನೋಡುತ್ತ ಹೋದಂತೆ ಅರ್ಧ ಅಂಕಣಕ್ಕೆ ನೇರ ಗೆರೆ ಬಿದ್ದಿತ್ತು. ಅಂಕುಡೊಂಕು ಗೆರೆಗೆ ಜಾಗ ಹುಡುಕಬೇಕಾಯಿತು. ಪಾಪ ಎಂಬ ಮಾತಿಗಾಗಿ ಹುಡುಕಿದೆ, ಇರಲಿಲ್ಲ. ಶೋಷಣೆ, ದುರಾಸೆ, ನಾಚಿಕೆಗೇಡು, ಇಂಥವೂ ಇಲ್ಲ. ಗಂಡಸರನ್ನು ಬೈದಿರಲಿಲ್ಲ. ಅವರ ಸುದ್ದಿಯೇ ಬಹಳ ಇರಲಿಲ್ಲ.

ಸಿಟ್ಟಿನಲ್ಲಿ ಓದಿ ನೋಡಿದೆ, ಮೆಲ್ಲಗೆ, ಅತ್ತೆಗೆ ಕೇಳದಂತೆ. ಎರಡನೇ ವಾಕ್ಯದಲ್ಲೇ ಸಿಟ್ಟು ಜಾರಿಹೋಯಿತು. ಗೇಲಿಯೂ ನಿಲ್ಲಲಿಲ್ಲ. ಮೆತ್ತಗೆ ಓದಿದರೆ ಕೊನೆಯವರೆಗೂ ತಡೆಯಿಲ್ಲದೆ ಹೋಯಿತು. ಚುಚ್ಚುವ ಮಾತುಗಳು ಕೊನೆಯ ಪ್ಯಾರಾದಲ್ಲಿ ಇದ್ದವು, ಆದರೆ ಅವು ನಮ್ಮ ಕಡೆಗಲ್ಲ. ‘ನಾವು ಮಂಜನ್ನು ಹೊಗಳುತ್ತೇವೆ, ಮತ್ತೊಂದು ರೊಟ್ಟಿಗೆ ಕೈ ಎತ್ತುತ್ತೇವೆ’ ಎಂದಿತ್ತು. ಆ ‘ನಾವು’ ಪಟ್ಟಣದಿಂದ ಬರುವವರು. ಬರೆದವರು ತಮ್ಮನ್ನೂ ಸೇರಿಸಿಕೊಂಡು ಅವರನ್ನು ಗದರಿಸುತ್ತಿದ್ದರು. ಹೋಂಸ್ಟೇ ಮುಚ್ಚಿ ಎಂದು ಎಲ್ಲೂ ಇಲ್ಲ. ಬರುವವರು ಒಮ್ಮೆ ಅಡಿಗೆಮನೆಯ ಕಡೆ ತಿರುಗಿ ನೋಡಲಿ ಎಂಬುದಷ್ಟೇ ಅವರ ಆಸೆ ಎಂದು ಮಾರ್ಜಿನ್ನಿನಲ್ಲಿ ಬರೆದೆ.

ಒಂದು ಕಡೆ ಮಾತ್ರ ಅಂಕುಡೊಂಕು ಗೆರೆ ಹಾಕುವಾಗ ಪೆನ್ಸಿಲಿಗೆ ಕಾಗದ ಹರಿಯಿತು. ‘ಆಕೆಗೆ ಬೇರೆ ದಾರಿ ಗೊತ್ತಿರಲಿಕ್ಕಿಲ್ಲ’ ಎಂದಿತ್ತು. ಉಳಿದದ್ದೆಲ್ಲ ಕಣ್ಣಿಂದ ನೋಡಿ ಬರೆದದ್ದು. ಇದೊಂದನ್ನು ಕೇಳಿ ಬರೆಯಬೇಕಿತ್ತು. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ತಿಳಿಯದು. ಗೊತ್ತಿತ್ತು ಎನ್ನುತ್ತಿದ್ದೆನೋ ಏನೋ. ಪದವಿ ಮುಗಿಸಿ ಒಂದು ಶಾಲೆಯಲ್ಲಿ ಒಂದಷ್ಟು ಕಾಲ ಪಾಠ ಮಾಡಿದವಳು ನಾನು. ಮದುವೆಯಾಗಿ ಬಂದ ಮೇಲೆ ಮಕ್ಕಳಿಗೆ ಮನೆಪಾಠ ಹೇಳಬೇಕು ಎಂದುಕೊಂಡಿದ್ದ ಕೋಣೆಯೇ ಈಗ ಅತಿಥಿಗಳ ಮೊದಲ ಕೋಣೆ. ಅದೂ ಅಂಕಣದಲ್ಲಿ ಇಲ್ಲ. ಹಾಗೆಯೇ, ಚಳಿಯಲ್ಲಿ ಬಂದ ಯಾರದೋ ಮಗು ಅತ್ತೆಯ ಮಡಿಲಲ್ಲಿ ನಿದ್ದೆಹೋದದ್ದು, ರೊಟ್ಟಿ ಕೆಂಡದ ಮೇಲೆ ಉಬ್ಬುವಾಗ ನನಗಾಗುವ ಸಣ್ಣ ಖುಷಿ, ಅವೂ ಇಲ್ಲ. ಬಿಟ್ಟದ್ದೇನು ಎಂಬ ಪ್ರಶ್ನೆಗೆ, ಇಡೀ ಅಂಕಣದಲ್ಲಿ ಆ ಹೆಂಗಸು ಒಂದು ಮಾತೂ ಆಡುವುದಿಲ್ಲ ಎಂದು ಬರೆದೆ. ಬಡಿಸುತ್ತಾಳೆ, ಒರೆಸುತ್ತಾಳೆ, ನಗುತ್ತಾಳೆ, ಅಷ್ಟೆ.

ಮಧ್ಯಾಹ್ನ ಭಾವನವರ ಜೀಪು ಬಂತು. ನಮ್ಮೆಜಮಾನರಿಗೆ ದೊಡ್ಡಪ್ಪನ ಮಗ, ಸಂಘದ ಅಧ್ಯಕ್ಷರೂ ಹೌದು. ಅವರ ಮುಂದೆ ನಾನು ಕುರ್ಚಿಯಲ್ಲಿ ಕೂರುವುದಿಲ್ಲ. ಯಾರೂ ಬೇಡವೆಂದದ್ದಿಲ್ಲ, ಕೂತು ಅಭ್ಯಾಸವಿಲ್ಲ. ಕಾಫಿ ಕೊಟ್ಟು ಅಡಿಗೆಮನೆಯ ಬಾಗಿಲ ಪಟ್ಟಿಗೆ ಒರಗಿ ನಿಂತೆ.

“ಎಂತಮ್ಮ, ಕಾನ್ವೆಂಟ್ ವಿದ್ಯೆಯನ್ನೆಲ್ಲ ಅತಿಥಿಗಳಿಗೇ ಖರ್ಚು ಮಾಡ್ತೀಯಾ? ನಮಗೂ ಸ್ವಲ್ಪ ಇಟ್ಟಿದ್ದೀಯಾ?” ಎಂದು ನಕ್ಕರು. ಒಳ್ಳೆಯ ಮನುಷ್ಯ. ಅತ್ತೆಗೆ ಹುಷಾರಿಲ್ಲದಾಗ ಅದೇ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದವರು. ಅಂಥವರಿಗೆ ಇಲ್ಲ ಎನ್ನುವುದು ಇನ್ನೂ ಕಷ್ಟ.

ಕನ್ನಡಕ ಹಾಕಿಕೊಂಡು ಅಂಕಣವನ್ನು ಅವರೇ ಗಟ್ಟಿಯಾಗಿ ಓದಿದರು. ಒಂದೊಂದು ವಾಕ್ಯದ ಕೊನೆಗೂ ಮೇಜಿಗೆ ಬೆರಳು ಕುಟ್ಟುತ್ತಿದ್ದರು. ‘ನಿಂತೇ ಉಣ್ಣುತ್ತಾಳೆ’ ಎಂಬುದನ್ನು ಅವರು ಓದಿದ ರೀತಿಯಲ್ಲಿ ಯಾರೋ ಬೀದಿಯಲ್ಲಿ ನಿಂತು ಬೈದಂತೆ ಕೇಳಿಸಿತು. ಎಜಮಾನರ ಕಿವಿ ಕೆಂಪಾದವು.

“ಇದರ ಹಿಂದೆ ದೊಡ್ಡ ರೆಸಾರ್ಟಿನವರ ಕೈ ಉಂಟು,” ಎಂದರು ಭಾವ. “ನಮ್ಮ ಹತ್ರ ಬರುವವರನ್ನು ಅಲ್ಲಿಗೆ ಎಳೀಲಿಕ್ಕೆ. ಇಲ್ಲದಿದ್ರೆ ಹೆಂಗಸರ ಸುದ್ದಿ ಯಾಕೆ ತರ್ತಾರೆ? ನೀ ಹೇಳಮ್ಮ, ಉದ್ದೇಶ ಅದೇ ಅಲ್ವಾ?”

“ನಂಗೆ ಹಾಗೆ ಕಾಣ್ಲಿಲ್ಲ ಭಾವ.”

“ಮತ್ತೆ?”

“ಅವರು ಬೈದದ್ದು ಬರುವವರಿಗೆ. ನಮಗಲ್ಲ.”

“ಇಷ್ಟು ಓದಿದ್ರಲ್ಲಿ ನಮಗೆ ಬೈದದ್ದು ಕೇಳ್ಲಿಲ್ವಾ ನಿಂಗೆ?”

“ಕೇಳಿತು. ಆದ್ರೆ ಅದು ನಿಮ್ಮ ದನಿ ಭಾವ,” ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ, ಪತ್ರಿಕೆಯನ್ನು ನನ್ನ ಕಡೆ ಚಾಚಿದರು. “ಹಾಗಾದ್ರೆ ನೀ ಓದು, ನೋಡುವ.”

ಓದಿದೆ. ಅದೇ ಪ್ಯಾರಾ, ಅತ್ತೆಗೆ ನಿಧನ ವಾರ್ತೆ ಓದುವ ದನಿಯಲ್ಲಿ, ಏನನ್ನೂ ಕುಟ್ಟದೆ. ಕಣ, ಟಾರ್ಪಾಲು, ಚೀಲಗಳು, ಕಿಟಕಿ. ‘ಅಲ್ಲಿಂದ ಊಟದ ಮೇಜು ಕಾಣಿಸುತ್ತದೆ. ಯಾರ ಕೈ ಮೇಲೆ ಹೋದರೂ ಅವಳ ತುತ್ತು ಅರ್ಧದಲ್ಲಿ ನಿಲ್ಲುತ್ತದೆ’ ಎಂಬಲ್ಲಿಗೆ ಬಂದಾಗ ಎಜಮಾನರು ನೆಲ ನೋಡುತ್ತಿದ್ದರು. ನಾನು ನಿಲ್ಲಿಸಿದೆ. ಹಿತ್ತಲಲ್ಲಿ ಕಾಫಿ ಕೀಳುವವರ ಮಾತು ಕೇಳಿಸುತ್ತಿತ್ತು. ಇಷ್ಟು ಸಾಕು, ಇನ್ನು ಉತ್ತರದ ಮಾತು ಬರುವುದಿಲ್ಲ ಎಂದು ನನಗೆ ಅನ್ನಿಸಿತು.

ಭಾವ ಕನ್ನಡಕ ತೆಗೆದು ಒರೆಸಿದರು. “ಇದು ಇನ್ನೂ ಕೆಟ್ಟದ್ದಾಯ್ತಲ್ಲ,” ಎಂದರು. “ಬೈದದ್ದಾದ್ರೆ ತಿರುಗಿಸಿ ಬೈಬಹುದಿತ್ತು. ಇದು ಓದಿದವರು ನಂಬ್ತಾರೆ. ಇದಕ್ಕೆ ಸಂಘದವರು ಬರೆದ್ರೆ ಸಾಲ್ದು. ಆ ಮನೆ ಹೆಂಗಸೇ ಬರೀಬೇಕು.”

ಹೀಗೆ ನನ್ನ ಓದು ನನ್ನ ಕೊರಳಿಗೇ ಬಂತು.

ಅವರು ಜೇಬಿನಿಂದ ಬರೆದು ತಂದಿದ್ದ ಹಾಳೆ ತೆಗೆದರು. ಸಂಘದ ಹೆಸರಿನಲ್ಲಿ ಬರೆದದ್ದನ್ನು ಅಲ್ಲೇ ಕೂತು ‘ನಾವು’ ಇದ್ದಲ್ಲೆಲ್ಲ ‘ನಾನು’ ಎಂದು ತಿದ್ದಿದರು. ನಾನು ಹೋಂಸ್ಟೇ ನಡೆಸುವ ಒಬ್ಬ ಗೃಹಿಣಿ. ಅಂಕಣದಲ್ಲಿ ಬರೆದಿರುವುದು ವಾಸ್ತವಕ್ಕೆ ದೂರ. ಅತಿಥಿಗಳು ನಮ್ಮ ಮನೆಯವರಿದ್ದಂತೆ. ಇದು ನನ್ನ ಸ್ವಂತ ಇಚ್ಛೆಯಿಂದ, ಸಂತೋಷದಿಂದ ಮಾಡುವ ಕೆಲಸ.

“ಭಾವ,” ಎಂದೆ, “ಅವರು ಯಾರ ಮನೆ ಅಂತ ಹೇಳಿಲ್ಲ. ನಾವೇ ಹೋಗಿ ಇದು ನಮ್ಮನೆ ಅಂತ ಹೇಳಿದ ಹಾಗೆ ಆಗುದಿಲ್ವಾ?”

“ಸುಮ್ಮನಿದ್ರೆ ಒಪ್ಪಿದ ಹಾಗೆ ಆಗ್ತದೆ.”

“ಉತ್ತರ ಕೊಟ್ರೂ ಒಪ್ಪಿದ ಹಾಗೇ.”

“ನಮ್ಮನೆ ಅಂತ ಎಲ್ರಿಗೂ ಗೊತ್ತಾಗಿ ಆಯ್ತು,” ಎಂದರು ಎಜಮಾನರು. ತಲೆಯೆತ್ತಿ ನನ್ನನ್ನೇ ನೋಡಿ ಕೇಳಿದರು, “ನಿಂಗೆ ಇಲ್ಲಿ ಕಷ್ಟ ಉಂಟಾ?”

ಎಷ್ಟೋ ವರ್ಷಗಳಲ್ಲಿ ಅವರು ಆ ಪ್ರಶ್ನೆ ಕೇಳಿರಲಿಲ್ಲ. ಕೇಳಬಾರದೆಂದಲ್ಲ, ಕೇಳುವಂಥ ಸಂದರ್ಭ ಬಂದಿರಲಿಲ್ಲ ಅಷ್ಟೆ. ಒಲೆಯ ಪಕ್ಕ ನಾವಿಬ್ಬರೇ ಇದ್ದಾಗ ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ. ಈಗ ಎದುರಿಗೆ ಭಾವ, ಒಳಗೆ ಅತ್ತೆಯ ಕಿವಿ, ಅವರ ಮುಖದಲ್ಲಿ ನಾನು ಇಲ್ಲ ಎನ್ನಲೇಬೇಕೆಂಬ ಬೇಡಿಕೆ. ಅದು ಸಿಟ್ಟಲ್ಲ, ಅವಮಾನ. ಬೆಳಿಗ್ಗೆಯಿಂದ ಕಣದಲ್ಲಿ ಅವರು ಅದನ್ನೇ ಹೊತ್ತು ನಡೆಯುತ್ತಿದ್ದರು.

“ಕಷ್ಟ ಅಂತ ಅಲ್ಲ,” ಎಂದೆ.

“ಅಷ್ಟು ಸಾಕು,” ಎಂದ ಭಾವ ಹಾಳೆಯಲ್ಲಿ ‘ನನಗೆ ಇಲ್ಲಿ ಯಾವ ಕಷ್ಟವೂ ಇಲ್ಲ’ ಎಂದು ಸೇರಿಸಿದರು. ನಾನು ಹೇಳಿದ್ದಕ್ಕೂ ಅವರು ಬರೆದದ್ದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಹೇಳಲು ಹೊರಟೆ. ಸಿಸ್ಟರ್ ಇದ್ದಿದ್ದರೆ ಒಂದು ಪುಟ ಬರೆಸುತ್ತಿದ್ದರು. ಆಗಲೇ ಮೂರನೇ ಕೋಣೆಯ ಅತಿಥಿ ಬಾಗಿಲಿಗೆ ಬಂದು ಬಿಸಿನೀರು ನಿಂತಿದೆ ಎಂದರು. ಹೋಗಿ ಹಂಡೆಯ ಒಲೆಗೆ ಸೌದೆ ತುಂಬಿ ಬಂದೆ.

ಬರುವಷ್ಟರಲ್ಲಿ ಹಾಳೆಯಲ್ಲಿ ಇನ್ನೊಂದು ವಾಕ್ಯ ಸೇರಿತ್ತು. ‘ನಾನು ಪ್ರತಿದಿನ ಅತಿಥಿಗಳ ಜೊತೆಗೇ ಕೂತು ಊಟ ಮಾಡುತ್ತೇನೆ.’

ಉಳಿದವುಗಳ ಮೇಲೆ ನನ್ನ ಹೆಸರು ಹೇಗೋ ಕೂರಬಹುದಿತ್ತು. ಸಂತೋಷ, ಸ್ವಂತ ಇಚ್ಛೆ, ಇವನ್ನು ಯಾರು ಅಳೆದು ನೋಡುತ್ತಾರೆ? ಆದರೆ ಇದು ನೇರ ಗೆರೆಯ ವಾಕ್ಯ, ಮತ್ತು ಸುಳ್ಳು.

“ಇದೊಂದು ತೆಗೀರಿ ಭಾವ. ನಾನು ಕೂರುದಿಲ್ಲ.”

“ಅದೇ ಮುಖ್ಯ ಅಮ್ಮ. ಅವನು ನಿಂತು ಉಣ್ತಾಳೆ ಅಂತ ಬರೆದದ್ದಕ್ಕೆ ಉತ್ತರ ಬೇಡ್ವಾ?”

“ಕೂತ್ರೆ ರೊಟ್ಟಿ ಯಾರು ಬೇಯಿಸ್ತಾರೆ?”

ಅದಕ್ಕೆ ಎಜಮಾನರು ಒಂದು ಉಪಾಯ ಹುಡುಕಿದರು. ಪ್ರೀತಿಯಿಂದಲೇ ಹೇಳಿದರು ಎಂದು ಈಗಲೂ ನಂಬುತ್ತೇನೆ. “ಇವತ್ತಿಂದ ಕೂತ್ಕೊ. ಕೂತ್ರೆ ಸುಳ್ಳಾಗುದಿಲ್ಲ ಅಲ್ವಾ. ರೊಟ್ಟಿ ಮೊದ್ಲೇ ಮಾಡಿ ಬಟ್ಟೆ ಸುತ್ತಿಟ್ರೆ ಆಯ್ತು.”

“ತಣ್ಣಗಾದ ರೊಟ್ಟಿ ಕೊಟ್ರೆ ಅದೂ ಪೇಪರಲ್ಲಿ ಬರ್ತದೆ,” ಎಂದರು ಅತ್ತೆ ಒಳಗಿನಿಂದ.

ಭಾವ ಜೋರಾಗಿ ನಕ್ಕರು. ಎಜಮಾನರೂ ನಕ್ಕರು. ನನಗೂ ನಗು ಬಂತು, ಅದೇ ತಪ್ಪಾಯಿತು. ನಕ್ಕ ಮೇಲೆ ಬಿಗಿ ಸಡಿಲವಾಯಿತು, ಎಲ್ಲರೂ ಒಂದೇ ಕಡೆಯವರಾದೆವು. ಭಾವ ಪೆನ್ನು ಚಾಚಿದ್ದರು. ಹಾಳೆ ಮೇಜಿನ ಮೇಲಿತ್ತು. ಸಹಿ ಹಾಕಲು ಬಗ್ಗಿದರೆ ಪೆನ್ನು ಸರಿಯಾಗಿ ಕೂರುತ್ತಿರಲಿಲ್ಲ. ಎಜಮಾನರು ಕುರ್ಚಿಯೊಂದನ್ನು ಎಳೆದು, ಕೂತು ಬರೆ ಎಂದರು. ಭಾವನವರ ಎದುರು ಮೊದಲ ಸಲ ಕುರ್ಚಿಯಲ್ಲಿ ಕೂತದ್ದು ಆಗಲೇ. ಕೂತು, ಕಾನ್ವೆಂಟಿನಲ್ಲಿ ಕಲಿಸಿದ ಸ್ಪಷ್ಟ ಅಕ್ಷರದಲ್ಲಿ ಹೆಸರು ಬರೆದೆ.

ಬೇಡ ಎನ್ನಬಹುದಿತ್ತು ಎಂದು ಈಗ ಬರೆಯುವಾಗ ಅನ್ನಿಸುತ್ತದೆ. ಆಗ ಎಲ್ಲಿ ಕಾಲಿಡಬಹುದಿತ್ತು ಎಂದು ಎಷ್ಟು ಯೋಚಿಸಿದರೂ ಆ ಅಡಿಗೆಮನೆ, ಆ ಮೇಜು, ಬಾಗಿಲ ಆಚೆಗಿನ ಆ ಅತಿಥಿ, ಇಷ್ಟೇ ಕಾಣುತ್ತದೆ. ಬೇಡ ಎಂದಿದ್ದರೆ ಅಂಕಣ ನಿಜವೆಂದು ನನ್ನ ಬಾಯಿಂದಲೇ ಹೇಳಿದಂತಾಗುತ್ತಿತ್ತು. ಅದು ನಿಜವೇ ಆಗಿತ್ತು. ಆದರೂ ನಿಜವನ್ನು ಹೇಳಿದವರು ನನ್ನನ್ನು ಕೇಳಿರಲಿಲ್ಲ, ಸುಳ್ಳನ್ನು ಬರೆದವರಾದರೋ ನನ್ನನ್ನು ಕೂರಿಸಿ, ಪೆನ್ನು ಕೊಟ್ಟು, ಓದಿ ಹೇಳಿದ್ದರು.

ಭಾವ ಹಾಳೆಯ ಫೋಟೋ ತೆಗೆದು ಪತ್ರಿಕೆಗೆ ಕಳಿಸಿದರು. ನಾಳೆಯೇ ಹಾಕುತ್ತಾರಂತೆ ಎಂದರು. ಗುಂಪಿನಲ್ಲೂ ನಾಲ್ಕು ಸಾಲು ಬರೆದರು, ನನ್ನ ಹೆಸರು ಹೇಳದೆ. “ನಾಳೆ ಪೇಪರಲ್ಲೇ ನೋಡ್ಲಿ, ಆಗ ಅದಕ್ಕೊಂದು ತೂಕ ಬರ್ತದೆ,” ಎಂದು ಜೀಪು ಹತ್ತಿದರು.

ಸಂಜೆಗೆ ಹೊಸ ಅತಿಥಿಗಳು ಬಂದು ಕಣದಲ್ಲಿ ಕಾರು ನಿಲ್ಲಿಸಿದರು. ಕಿತ್ತು ತಂದ ಕಾಫಿ ಹಣ್ಣನ್ನು ಎಜಮಾನರು ಟಾರ್ಪಾಲು ಸಮೇತ ಇನ್ನಷ್ಟು ಗೋಡೆಯ ಕಡೆಗೆ ಎಳೆದರು. ಆಮೇಲೆ ಒಳಗೆ ಬಂದು ಊಟದ ಮೇಜಿಗೆ ಒಂದು ಕುರ್ಚಿ ಹೆಚ್ಚು ಹಾಕಿದರು, ಅಡಿಗೆಮನೆಯ ಬಾಗಿಲಿಗೆ ಹತ್ತಿರದ ತುದಿಯಲ್ಲಿ. ಅದನ್ನು ನೋಡುತ್ತ ನಾನು ಹಿಟ್ಟು ನಾದುತ್ತಿದ್ದೆ. ಕೂತರೆ ಎಷ್ಟು ಸಲ ಏಳಬೇಕಾಗುತ್ತದೆ ಎಂದು ಯೋಚಿಸುತ್ತಿದ್ದೆ.

ಹಿಂಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಕೆಳಗಿನ ತಿರುವಿನ ಮನೆಯವಳು. ಅವರದ್ದೂ ಹೋಂಸ್ಟೇ. ನನಗಿಂತ ಚಿಕ್ಕವಳು, ಏನು ಕಡಿಮೆ ಬಿದ್ದರೂ ಓಡಿ ಬರುತ್ತಾಳೆ, ನಾನೂ ಹೋಗುತ್ತೇನೆ.

“ಅಕ್ಕ, ಎರಡು ದಿಂಬು ಇದ್ರೆ ಕೊಡಿ. ನಾಲ್ಕು ಜನ ಅಂದವರು ಆರು ಜನ ಇಳಿದಿದ್ದಾರೆ.”

ಕೈ ತೊಳೆದು ದಾಸ್ತಾನು ಕೋಣೆಗೆ ಹೋದೆ. ಅವಳೂ ಹಿಂದೆಯೇ ಬಂದು ಚೀಲಗಳಿಗೆ ಒರಗಿ ನಿಂತಳು.

“ಬೆಳಿಗ್ಗಿಂದ ನಮ್ಮೋರು ಮುಖ ಊದಿಸ್ಕೊಂಡಿದ್ದಾರೆ ಅಕ್ಕ. ಪೇಪರಲ್ಲಿ ನಮ್ಮನೆ ಬಗ್ಗೆ ಬಂದಿದೆಯಲ್ಲ, ನೋಡಿದ್ರಾ?”

ನನ್ನ ಕೈ ದಿಂಬಿನ ಮೇಲೆ ನಿಂತಿತು. “ನಿಮ್ಮನೆ ಅಂತ ಯಾರು ಹೇಳಿದ್ದು?”

“ಹೇಳ್ಬೇಕಾ? ಕಣದಲ್ಲಿ ಕಾರು, ನಾವು ಚೀಲದ ಹತ್ರ ಮಲಗುದು, ನಾನು ಕಿಟಕಿ ಹತ್ರ ನಿಂತು ತಿನ್ನುದು. ಒಂದು ಗಡ್ಡದವನು ಬಂದಿದ್ದ, ಅಡಿಗೆಮನೆಗೇ ಬಂದು ನಿಂತಿದ್ದ. ಅವನೇ. ನಮ್ಮತ್ತೆ ಓದದಿರ್ಲಿ ಅಂತ ಆ ಹಾಳೆ ನಾನು ಒಲೆಗೆ ಹಾಕಿದೆ.”

ಏನಾದರೂ ಹೇಳಬೇಕಿತ್ತು. ದಿಂಬಿಗೆ ತೊಳೆದ ಕವರು ಹಾಕಿ ಅವಳ ತೋಳಿಗೆ ಇಟ್ಟೆ. ಅವಳು ಮೂಗಿಗೆ ಹಿಡಿದು, ಮೆಣಸಿನ ವಾಸನೆ ನಮ್ಮನೆಯದ್ದರ ಹಾಗೇ ಉಂಟು ಎಂದು ನಕ್ಕಳು. ಹಿಂಬಾಗಿಲು ದಾಟಿ ಅಂಗಳಕ್ಕಿಳಿದು ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆ ಪೂರ್ತಿ ತಿರುಗದೆಯೇ ಹೇಳಿದಳು:

“ನಾಳೆ ಯಾರೋ ಹೆಂಗಸು ಉತ್ತರ ಬರ್ದದ್ದು ಬರ್ತದಂತೆ ಅಕ್ಕ, ಗುಂಪಲ್ಲಿ ಹಾಕಿದ್ದಾರೆ. ಅವಳು ದಿನಾ ಬಂದವರ ಜೊತೆ ಕೂತೇ ಊಟ ಮಾಡುದಂತೆ. ಯಾವ ಮನೆಯವಳೋ, ಪುಣ್ಯ ಮಾಡಿದ್ದಾಳೆ.”